ಕೋಟಿನೊಳಗಿನ ಹೆಂಗಸು

ಔಷಧಿ ಅಂಗಡಿಯವನ ಕೋಟಿನ ಜೇಬಿಗೆ ಒಂದು ತೂತು ಬಿದ್ದಿತ್ತು. ಬೀರುವಿನ ಬೀಗದಕೈ ಆ ತೂತಿನಿಂದ ಜಾರಿ ಕೋಟಿನ ಲೈನಿಂಗಿನೊಳಗೆ ಸೇರಿಕೊಂಡಿತು. ಗಂಡ ಸ್ನಾನಕ್ಕೆ ಹೋಗಿದ್ದಾಗ ಹೆಂಡತಿ ಕತ್ತರಿ ತಂದು ಲೈನಿಂಗನ್ನು ಬಿಚ್ಚಿದಳು. ಬೀಗದಕೈ ಸಿಕ್ಕಿತು. ಜೊತೆಗೆ ಒಬ್ಬ ಹೆಂಗಸೂ ಸಿಕ್ಕಿದಳು.

ಕೋಟಿನ ಎದೆ ನೆಟ್ಟಗೆ ನಿಲ್ಲಲೆಂದು ಒಳಗೆ ಕೊಡುತ್ತಾರಲ್ಲ, ದಪ್ಪ ಕ್ಯಾನ್ವಾಸು, ಅದರ ಮೇಲೆ ಎಡಗಡೆಗೆ, ಸರಿಯಾಗಿ ಹೃದಯ ಬರುವ ಜಾಗದಲ್ಲಿ, ನೀಲಿ ಪೆನ್ಸಿಲ್ಲಿನಲ್ಲಿ ಬರೆದ ಮುಖ. ತಲೆಯನ್ನು ಕೊಂಚ ವಾಲಿಸಿ, ನೋಡಿದವರನ್ನೇ ನೋಡಿ ನಗುತ್ತಿದ್ದಳು.

"ಯಾರ್ರೀ ಇವಳು?"

ಗಂಡ ಕಿವಿಯಲ್ಲಿ ಸೋಪು ಹಾಗೇ ಇಟ್ಟುಕೊಂಡು ಹೊರಗೆ ಬಂದ. "ಯಾರೇ?"

"ನಿಮ್ಮ ಎದೆ ಮೇಲೆ ಆರಾಮಾಗಿ ಕೂತಿದಾಳಲ್ಲ, ಇವಳು!"

ಅವನು ತಾಯಿಯಾಣೆ ಎಂದ, ಅಂಗಡಿಯಾಣೆ ಎಂದ. ನಂಬುವವರು ಯಾರು? ಅವನು ಒರೆಸಿಕೊಂಡು ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಆಕೆ ಕೋಟನ್ನು ಹೆಗಲಿಗೆ ಎಸೆದುಕೊಂಡು ಬೀದಿಗೆ ಇಳಿದಾಗಿತ್ತು. ಕೋಟು ಹೊಲಿದವನು ಬೀದಿಯ ಕೊನೆಯಲ್ಲೇ ಇದ್ದ.

ಆ ದರ್ಜಿಯ ಕತೆ ಇಷ್ಟು. ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮೊದಮೊದಲು ಅವನಿಗೆ ಕೈಯೇ ಓಡುತ್ತಿರಲಿಲ್ಲ. ಒಬ್ಬರ ಕೋಟಿಗೆ ಎರಡೂ ಎಡತೋಳುಗಳನ್ನೇ ಹಚ್ಚಿಬಿಟ್ಟಿದ್ದ. ಅಳುವೂ ಬರದೆ, ನಿದ್ದೆಯೂ ಬರದೆ, ಕೊನೆಗೆ ಬೀದಿಯ ಡಾಕ್ಟರ ಹತ್ತಿರ ಹೋದ. ಡಾಕ್ಟರು ನಾಡಿ ಹಿಡಿದು, "ಮಾತ್ರೆ ಬೇಡ ಕಣಯ್ಯ. ಮನಸ್ಸಲ್ಲಿ ಇರೋದನ್ನ ಕೈಯಿಂದ ಹೊರಗೆ ಹಾಕು. ಸುಮ್ನೆ ಗೀಚು. ಚೆನ್ನಾಗಿರಬೇಕು ಅಂತೇನಿಲ್ಲ, ಯಾರಿಗೂ ತೋರಿಸಬೇಕು ಅಂತಲೂ ಇಲ್ಲ" ಎಂದಿದ್ದರು.

ಕಾಗದ ಹುಡುಕುತ್ತ ಕೂರುವ ಮನುಷ್ಯನಲ್ಲ ಅವನು. ಮುಂದೆ ಕ್ಯಾನ್ವಾಸು ಹಾಸಿತ್ತು, ಕಿವಿಯ ಸಂದಿಯಲ್ಲಿ ಗುರುತು ಹಾಕುವ ನೀಲಿ ಪೆನ್ಸಿಲ್ಲಿತ್ತು. ಹೆಂಡತಿಯ ಮುಖ ಬರೆದ. ಮೂಗು ಸ್ವಲ್ಪ ಸೊಟ್ಟಗಾಯಿತು. ಮೇಲೆ ಲೈನಿಂಗು ಹಾಕಿ ಹೊಲಿದುಬಿಟ್ಟ. ಅವತ್ತು ಗೊರಕೆ ಹೊಡೆದು ಮಲಗಿದ. ಅಲ್ಲಿಂದ ಮುಂದೆ ಅವನ ಅಂಗಡಿಯಿಂದ ಹೊರಟ ಒಂದೊಂದು ಕೋಟಿನಲ್ಲೂ ಅವಳಿದ್ದಳು. ಒಂದೊಂದು ಕೋಟಿಗೂ ಅವನ ಎದೆ ಒಂದಿಷ್ಟು ಹಗುರಾಗುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು, ಯಾರಾದರೂ ಜೋಕು ಹೇಳಿದರೆ ಅರ್ಥವಾಗುತ್ತಿತ್ತು. ಕಂಡಕಂಡ ಗಂಡಸರೆಲ್ಲ ತನ್ನ ಹೆಂಡತಿಯನ್ನು ಎದೆಗೊತ್ತಿಕೊಂಡು ತಿರುಗುತ್ತಿದ್ದಾರೆ ಎಂಬುದು ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

ಔಷಧಿ ಅಂಗಡಿಯವನ ಹೆಂಡತಿ ಕೋಟನ್ನು ಮೆಷಿನ್ನಿನ ಮೇಲೆ ಹಾಸಿದಾಗ ಹೊಳೆಯಿತು.

"ಅಯ್ಯೋ, ತಪ್ಪು ತಿಳೀಬೇಡಿ ತಾಯಿ. ಇದು ನನ್ನ ಹೆಂಡ್ತಿ" ಎಂದ.

ಆಕೆ ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು. "ಇವರಾ? ಸುಮ್ನಿರಿ ಅಣ್ಣ! ನಿಮ್ಮ ಮನೆಯವರನ್ನ ನಾನು ನೋಡಿಲ್ವಾ? ದಿನಾ ನಮ್ಮ ಬಾಗಿಲ ಮುಂದೇನೇ ನೀರಿಗೆ ಹೋಗ್ತಿದ್ರು. ಅವರು ನಕ್ಕಿದ್ದನ್ನ ಒಂದು ದಿನಾನೂ ಕಂಡಿಲ್ಲ ನಾನು."

ಎದುರಿನ ಕ್ಷೌರದಂಗಡಿಯವನಿಗೆ ಇಷ್ಟು ಕೇಳಿದ ಮೇಲೆ ಕಾಲು ನಿಲ್ಲುವುದುಂಟೇ? ಕೈಯಲ್ಲಿ ಕತ್ತಿ ಹಿಡಿದೇ ಬಂದ. ಅವನ ಹಿಂದೆ ಅರ್ಧ ಗಡ್ಡ ಹೋದ ಗಿರಾಕಿಯೂ ಬಂದ. ಕ್ಷೌರಿಕ ಚಿತ್ರವನ್ನು ಅತ್ತ ಇತ್ತ ತಿರುಗಿಸಿ ತೀರ್ಪು ಕೊಟ್ಟ: "ಮೂಗು ಅವರದೇ. ನಗು ಬೇರೆ ಯಾರದೋ."

ದರ್ಜಿಗೆ ಕಪಾಳಕ್ಕೆ ಹೊಡೆದಂತಾಯಿತು. ನನ್ನ ಹೆಂಡತಿಯ ನಗು ನನಗೆ ಗೊತ್ತಿಲ್ಲವೇ, ಇವರಿಗೇನು ಗೊತ್ತು ಎಂದುಕೊಂಡ. ಆದರೆ ಬಾಯಿ ಬಿಡಲಿಲ್ಲ. ಬಾಯಿ ಬಿಡುವುದು ಅವನಿಗೆ ಮೊದಲಿಂದಲೂ ಆಗದ ಕೆಲಸ.

ಬೀದಿಯಲ್ಲಿ ಸುದ್ದಿ ಹಬ್ಬಿತು. ಕೋಟುಗಳಲ್ಲಿ ಹೆಂಗಸಿದ್ದಾಳಂತೆ! ಮನೆಮನೆಯಲ್ಲೂ ಕತ್ತರಿ ಹೊರಗೆ ಬಂತು. ಹೆಂಡಂದಿರು ಗಂಡಂದಿರ ಮೈಮೇಲಿನಿಂದಲೇ ಕೋಟು ಕಿತ್ತುಕೊಂಡು ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ದರ್ಜಿಯ ಅಂಗಡಿಯಲ್ಲಿ ಕೋಟುಗಳ ರಾಶಿ ಬಿತ್ತು. ಎಲ್ಲದರಲ್ಲೂ ಅದೇ ಮುಖ, ಅದೇ ನಗು. ತನ್ನ ಗಂಡನೊಬ್ಬನೇ ಅಲ್ಲವಲ್ಲ ಎಂದು ಹೆಂಗಸರಿಗೆ ಮೊದಲು ಸಮಾಧಾನವಾಯಿತು. ಆಮೇಲೆ ಯೋಚಿಸಿ ನೋಡಿದಾಗ ಸಿಟ್ಟು ನೆತ್ತಿಗೇರಿತು.

"ಎಲ್ಲರಿಗೂ ಸೇರಿ ಒಬ್ಬಳೇನಾ?"

ಗಂಡಸರು ಒಬ್ಬರ ಮುಖವನ್ನೊಬ್ಬರು ಅನುಮಾನದಿಂದ ನೋಡಿಕೊಂಡರು. ಬೇರೆ ದಾರಿ ಕಾಣದೆ ದರ್ಜಿ ಒಂದು ತುಂಡು ಕ್ಯಾನ್ವಾಸು ಹಾಸಿ, ಪೆನ್ಸಿಲ್ ತೆಗೆದು, ಎಲ್ಲರ ಕಣ್ಣೆದುರೇ ಬರೆದ. ಹಣೆ, ಸೊಟ್ಟ ಮೂಗು, ನಗು. ಬರೆಯುತ್ತ ಬರೆಯುತ್ತ ಡಾಕ್ಟರು ಹೇಳಿದ್ದನ್ನೂ, ತನಗೆ ನಿದ್ದೆ ಬಂದದ್ದನ್ನೂ ತಡವರಿಸುತ್ತ ಹೇಳಿದ. ಹೆಂಡತಿ ಸತ್ತ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಅದಕ್ಕೂ ಮೊದಲು ಎಂದೂ ಆಡಿರಲಿಲ್ಲ ಎಂದರೂ ತಪ್ಪಲ್ಲ.

ಔಷಧಿ ಅಂಗಡಿಯವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥಾ ಪ್ರೀತಿ ನೋಡ್ರೀ! ನಮ್ಮವರೂ ಇದಾರೆ. ನನ್ನ ಮುಖ ಬರೀರಿ ಅಂದ್ರೆ ಕುಂಬಳಕಾಯಿ ಬರೀತಾರೆ."

"ಪುಣ್ಯವಂತೆ ಕಣಮ್ಮ, ಇಂಥಾ ಗಂಡನ್ನ ಪಡೆದಿದ್ಳು" ಎಂದಳು ಇನ್ನೊಬ್ಬಳು.

ಯಾರೋ ಅವನಿಗೆ ಟೀ ತರಿಸಿದರು. ಯಾರೋ ಬೆನ್ನು ಸವರಿದರು. ದರ್ಜಿಗೆ ವರ್ಷದಿಂದ ಬಾರದ ಅಳು ಇನ್ನೇನು ಬರುವುದರಲ್ಲಿತ್ತು. ಕತೆ ಇಲ್ಲಿಗೇ ಮುಗಿದಿದ್ದರೆ ಅವನ ಬಾಳು ಹಸನಾಗುತ್ತಿತ್ತು. ಆದರೆ ಬೀದಿಯಲ್ಲಿ ನಿವೃತ್ತ ಹೆಡ್‌ಮಾಸ್ತರರು ಎಂಬುವರೊಬ್ಬರು ಇದ್ದರು.

ಅವರು ಕೋಟು ತೊಟ್ಟೇ ಬಂದರು. "ನನ್ನ ಕೋಟನ್ನ ಯಾರೂ ಬಿಚ್ಚಲೇ ಇಲ್ಲ. ನಾಳೆ ಜನ ಏನಂತಾರೆ? ಮೇಷ್ಟ್ರ ಕೋಟಲ್ಲಿ ಏನಿತ್ತೋ ಅಂತಾರೆ. ಬಿಚ್ಚಯ್ಯ, ಎಲ್ಲರ ಮುಂದೆ ಬಿಚ್ಚು!"

"ಮೇಷ್ಟ್ರೇ, ಇದು ಹಳೇದು. ಅವಳು ಇದ್ದಾಗ ಹೊಲಿದದ್ದು. ಆಗ ನಾನು ಬರೀತಾನೇ ಇರಲಿಲ್ಲ. ಇದರಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅನ್ನೋದನ್ನೇ ತೋರಿಸು ಅಂತಿರೋದು!"

ಆಗೆಲ್ಲ ಕತ್ತರಿಸುವುದು, ಮೆಷಿನ್ ಓಡಿಸುವುದು ಅವನದು. ಕ್ಯಾನ್ವಾಸಿನ ಕೈಹೊಲಿಗೆ, ಲೈನಿಂಗಿನ ಕೈಹೊಲಿಗೆ ಎಲ್ಲ ಹೆಂಡತಿಯದು. ಅವನು ಮೆಷಿನ್ನಿನ ಮುಂದೆ ಗೋಡೆಗೆ ಮುಖಮಾಡಿ ಕೂರುತ್ತಿದ್ದ. ಅವಳು ಅವನ ಹಿಂದೆ, ಬಾಗಿಲ ಬಳಿ, ಬೆಳಕು ಬೀಳುವಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಅದನ್ನು ಅವನು ನೆಮ್ಮದಿಯ ಸಂಸಾರ ಎಂದುಕೊಂಡಿದ್ದ.

ಬಿಚ್ಚಿದ. ಕ್ಯಾನ್ವಾಸಿನ ಮೇಲೆ ಕಪ್ಪು ದಾರದ ಸಣ್ಣಸಣ್ಣ ಹೊಲಿಗೆಯಲ್ಲಿ ಒಂದು ಚಿತ್ರ ಮೂಡಿತ್ತು. ಬಾಗಿ ಕೂತ ಒಬ್ಬ ಗಂಡಸಿನ ಬೆನ್ನು.

"ಇದೇನಯ್ಯ, ನನ್ನ ಕೋಟಲ್ಲಿ ಗಂಡಸು!" ಹೆಡ್‌ಮಾಸ್ತರರು ಗಾಬರಿಯಿಂದ ಕಿರುಚಿದರು.

ದರ್ಜಿ ಹೊಲಿಗೆಯ ಮೇಲೆ ಬೆರಳಾಡಿಸಿದ. ಎಡಕ್ಕೆ ವಾಲುವ ಈ ಪುಟ್ಟ ಹೊಲಿಗೆ ಅವಳದೇ. ಆದರೆ ಈ ಗಂಡಸು ಯಾರು? ಸುತ್ತ ಪಿಸುಗುಟ್ಟುವಿಕೆ ಶುರುವಾಯಿತು. ಬೆನ್ನು ಸವರುತ್ತಿದ್ದ ಕೈ ಮೆಲ್ಲನೆ ಹಿಂದಕ್ಕೆ ಸರಿಯಿತು.

"ಸರೀರಿ, ಸರೀರಿ" ಎನ್ನುತ್ತ ಕ್ಷೌರಿಕ ಮುಂದೆ ಬಂದ. "ಜನರನ್ನ ಹಿಂದಿನಿಂದ ನೋಡೋದು ನನ್ನ ಕಸುಬು. ನೋಡಿ, ನೆತ್ತಿ ಮೇಲೆ ಜೋಡಿ ಸುಳಿ. ಎಡಗಿವಿ ಮೇಲ್ಗಡೆ ಮಡಚಿಕೊಂಡಿದೆ. ಬಲಭುಜ ಇಳಿದಿದೆ. ಎಷ್ಟು ವರ್ಷದಿಂದ ಈ ಕತ್ತಿನ ಕೂದಲು ತೆಗೀತಾ ಇದೀನಿ ನಾನು! ಟೈಲರಣ್ಣ, ಇದು ನೀವೇ."

ದರ್ಜಿ ಉಸಿರು ಬಿಟ್ಟ. ತಾನೇ! ತನ್ನ ಬೆನ್ನನ್ನು ತಾನೇ ಕಂಡವರುಂಟೇ, ಹೇಗೆ ಗುರುತು ಸಿಗಬೇಕು? ಅವಳೂ ತನ್ನನ್ನು ಬರೆದಿದ್ದಳು! ಅವನ ಮುಖ ಅರಳಿತು.

ಹಳೆಯ ಕೋಟುಗಳಿಗಾಗಿ ಜನ ಮನೆಗೆ ಓಡಿದರು. ಪೆಟ್ಟಿಗೆಯ ತಳದಿಂದ, ನುಸಿಗುಳಿಗೆಯ ವಾಸನೆಯೊಂದಿಗೆ ಅವು ಬಂದವು. ಒಂದರಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ಬೆನ್ನು. ಒಂದರಲ್ಲಿ ಬೆನ್ನು, ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ. ಒಂದರಲ್ಲಿ ಬೆನ್ನು ಕ್ಯಾನ್ವಾಸಿನ ತುಂಬ ಗೋಡೆಯಂತೆ ಹಬ್ಬಿ, ಮೂಲೆಯಲ್ಲಿ ಸ್ಟೂಲೊಂದು ಕಡಲೆಬೀಜದಷ್ಟು ಸಣ್ಣಗೆ ಕೂತಿತ್ತು. ಎಷ್ಟು ಬಿಚ್ಚಿದರೂ ಬೆನ್ನೇ. ಒಂದರಲ್ಲಾದರೂ ತನ್ನ ಮುಖ ಇರಬಹುದೆಂದು ದರ್ಜಿ ತಾನೇ ಅವಸರವಸರವಾಗಿ ಬಿಚ್ಚತೊಡಗಿದ. ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರು ತಮ್ಮ ಕೋಟು ಹಿಡಿದು ಬಂದರು. ಚಿತ್ರಗಳನ್ನು ನೋಡಿ ಅವರಿಗೆ ಬಹಳ ಸಂತೋಷವಾಯಿತು.

"ಓಹೋ, ಹೀಗೆ ಮಾಡಿದ್ರಾ ಅವರು! ನಿಮ್ಮ ಮನೆಯವರೂ ಬಂದಿದ್ರಲ್ಲಯ್ಯ ನನ್ನ ಹತ್ರ. ಮನಸ್ಸು ಭಾರ, ಮನೇಲಿ ಮಾತಾಡಿಸೋರಿಲ್ಲ ಅಂದ್ರು. ಅವರಿಗೂ ಇದೇ ಹೇಳಿದ್ದೆ. ನನ್ನ ಹತ್ರ ಇರೋ ಒಳ್ಳೇ ಮದ್ದು ಅಂದ್ರೆ ಇದೊಂದೇ. ಆಮೇಲೆ ಒಂದು ಸಲ ಸಿಕ್ಕಿ, ತುಂಬಾ ಹಗುರಾಯ್ತು ಅಂದ್ರು."

"ಯಾವಾಗ ಬಂದಿದ್ಳು, ಡಾಕ್ಟ್ರೇ?"

ಡಾಕ್ಟರು ನೆನಪಿಸಿಕೊಂಡರು. "ನಿಮ್ಮ ಮದುವೆಯಾದ ಹೊಸದರಲ್ಲಿ ಅಂತ ಕಾಣುತ್ತೆ."

ಔಷಧಿ ಅಂಗಡಿಯವನ ಹೆಂಡತಿ ತನ್ನ ಗಂಡನ ಕಡೆ ನೋಡಿದಳು. ಕುಂಬಳಕಾಯಿಯಾದರೂ ಎದುರಿಗೆ ಕೂತು ಬರೆಯುತ್ತಾನಲ್ಲ ಎಂಬ ತೃಪ್ತಿ ಆ ನೋಟದಲ್ಲಿತ್ತು. ಬೆಳಿಗ್ಗೆಯಿಂದ ಬೈಸಿಕೊಂಡ ಆ ಬಡಪಾಯಿಗೆ ಅವತ್ತು ಸಿಕ್ಕ ಲಾಭ ಅದೊಂದೇ.

ಆಮೇಲೆ ಎಲ್ಲರಿಗೂ ತಂತಮ್ಮ ಕೋಟಿನ ನೆನಪಾಯಿತು. "ಬಿಚ್ಚಿದ್ದೆಲ್ಲ ಹೊಲಿದುಕೊಡಪ್ಪ, ಬೆಳಿಗ್ಗೆಗೆ ಬೇಕು" ಎಂದರು ಹೆಡ್‌ಮಾಸ್ತರರು. "ಆ ಬೆನ್ನನ್ನ ತೆಗೆದುಬಿಡು. ನನ್ನ ಎದೆ ಮೇಲೆ ನಿನ್ನ ಬೆನ್ನು ಯಾಕೆ?" ಔಷಧಿ ಅಂಗಡಿಯವನಿಗೂ ನಗು ಬೇಡವಾಗಿತ್ತು, ಅಳಿಸಲು ಹೇಳಿದ. ಟೀ ತರಿಸಿದವರು ಲೋಟ ವಾಪಸು ತೆಗೆದುಕೊಂಡು ಹೋದರು.

ಕೋಟುಗಳ ಗುಡ್ಡೆಯ ನಡುವೆ ದರ್ಜಿ ಮೆಷಿನ್ನಿಗೆ ಕೂತ. ನೀಲಿ ಮುಖಗಳು ಸುತ್ತಲೂ ನಗುತ್ತಿದ್ದವು. ಆ ನಗುವನ್ನು ಎಲ್ಲಿ ನೋಡಿದ್ದೆ ಎಂದು ನೆನಪು ಮಾಡಿಕೊಳ್ಳಲು ಎಷ್ಟು ತಿಣುಕಿದರೂ ಆಗಲಿಲ್ಲ. ಎಲ್ಲೂ ನೋಡಿರಲಿಲ್ಲ. ತನಗೆ ಬೇಕಾಗಿತ್ತು, ಬರೆದುಕೊಂಡಿದ್ದ. ಇಷ್ಟು ತಿಂಗಳು ಅವನಿಗೆ ನಿದ್ದೆ ಕೊಟ್ಟದ್ದು ಅವನೇ ಹೊಲಿದುಕೊಂಡ ಸುಳ್ಳು. ಅವಳು ಮಾತ್ರ ಕಂಡದ್ದನ್ನು ಕಂಡ ಹಾಗೇ ಹೊಲಿದಿದ್ದಳು. ದುಃಖ ಒತ್ತರಿಸಿ ಬಂತು, ಆದರೆ ಅಳು ಬರಲಿಲ್ಲ. ಪೆನ್ಸಿಲ್ ಮುಟ್ಟಲು ಹೆದರಿಕೆಯಾಯಿತು.

ಆಗ ಬಾಗಿಲಲ್ಲಿ ಯಾರೋ ನಿಂತು ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಇಷ್ಟು ವರ್ಷದಲ್ಲಿ ಮೊದಲ ಸಲ ದರ್ಜಿ ಮೆಷಿನ್ ನಿಲ್ಲಿಸಿ, ಏನೋ ಹೇಳಲು ಬಾಯಿ ತೆರೆದು, ಗಕ್ಕನೆ ಹಿಂದಕ್ಕೆ ತಿರುಗಿದ.

ಸ್ಟೂಲಿದ್ದ ಜಾಗದಲ್ಲಿ ಬೀದಿಯ ಹೆಂಗಸರೆಲ್ಲ ಹೆಡ್‌ಮಾಸ್ತರರ ಕೋಟನ್ನು ಅಗಲವಾಗಿ ಹಿಡಿದುಕೊಂಡು ನಿಂತಿದ್ದರು.

"ಅಯ್ಯೋ, ತಿರುಗಬೇಡಿ ಅಣ್ಣ!" ಎಂದಳು ಔಷಧಿ ಅಂಗಡಿಯವನ ಹೆಂಡತಿ. "ಹಾಗೇ ಕೂತಿರಿ. ಹೋಲಿಕೆ ನೋಡ್ತಿದೀವಿ."