ನಂಟರಿಲ್ಲದ ಕೆರೆ

ಗಾಳ ಹಾಕುವವನಿಗೆ ತಾಳ್ಮೆ ಇರಬೇಕು ಎಂದು ತಿಳಿದವರು ಹೇಳುತ್ತಾರೆ. ಅವರಿಗೆ ನಂಟರಿಲ್ಲವೆಂದು ಕಾಣುತ್ತದೆ. ನನ್ನನ್ನು ಕೇಳಿದರೆ ಮೊದಲು ಬೇಕಾದ್ದು ನಂಟರಿಲ್ಲದ ಕೆರೆ. ನೀರೆಷ್ಟಿದೆ, ಮೀನಿದೆಯೇ, ಕೂರಲು ನೆರಳಿದೆಯೇ ಎಂಬುದೆಲ್ಲ ಆಮೇಲಿನ ಮಾತು.

ನನ್ನ ಆಸೆ ದೊಡ್ಡದೇನೂ ಅಲ್ಲ. ತುಮಕೂರಿನ ಕಚೇರಿಯೊಂದರಲ್ಲಿ ವಾರವಿಡೀ ಕಂಡಕಂಡವರಿಗೆ "ಆಗ್ಲಿ ಸಾರ್" ಎನ್ನುವ ನನಗೆ ಬೇಸಿಗೆಯ ಒಂದು ಭಾನುವಾರ ನನ್ನದೇ ಆಗಿ ಬೇಕಿತ್ತು. ಯಾರ ಮದುವೆಗೂ ಹೋಗದ, ಯಾರೂ ಮಾತಾಡಿಸದ ದಿನ. ಸುಮ್ಮನೆ ನೀರು ನೋಡುತ್ತ ಕೂತು, ನಾನೇ ಹಿಡಿದ ಮೀನನ್ನು ಮನೆಗೆ ತಂದು, ಹುಳಿ ಮುಂದಾಗಿ ಸಾರು ಮಾಡಿಸಿ ಮುದ್ದೆಯ ಜೊತೆ ಉಣ್ಣಬೇಕು. ಇಷ್ಟೂ ಕೇಳಬಾರದು ಎಂದರೆ ಹೇಗೆ ಸ್ವಾಮಿ?

ಸ್ಕೂಟರಿಗೆ ಬಿದಿರಿನ ಗಳ ಕಟ್ಟಿಕೊಂಡು ಮೊದಲು ಹೋದದ್ದು ಹೆಬ್ಬೂರಿಗೆ. ಗಾಳಕ್ಕೆ ಎರೆಹುಳು ಚುಚ್ಚುವಷ್ಟರಲ್ಲಿ ನನ್ನ ಹೆಂಡತಿಯ ಸೋದರಮಾವ ಏರಿಯ ಮೇಲೆ ಪ್ರತ್ಯಕ್ಷನಾದ.

"ಏನಳಿಯಂದ್ರೆ, ಊರ್ಗ್ ಬಂದು ಮನೇಗ್ ಬರ್ದೆ ಕೆರೇಗ್ ಬಂದಿದೀರಲ್ಲ, ನಾವೇನ್ ಸತ್ತೋಗಿದೀವಾ?"

ನಾನು ಅವನ ಮನೆಯ ಹೊಸ್ತಿಲು ದಾಟುವ ಮೊದಲೇ ಹಿತ್ತಿಲಲ್ಲಿ ಕೋಳಿಯೊಂದು ಕೂಗಿ ಸುಮ್ಮನಾಯಿತು. ಊಟ, ಆಮೇಲೆ ಬಲವಂತದ ನಿದ್ದೆ, ಆಮೇಲೆ ಕಾಫಿ. ಸಂಜೆ ಒಂದು ಚೀಲ ತೆಂಗಿನಕಾಯಿ ಹೇರಿಕೊಂಡು ವಾಪಸಾದೆ. ಎರೆಹುಳುಗಳು ಡಬ್ಬಿಯಲ್ಲಿ ಕ್ಷೇಮವಾಗಿದ್ದವು.

ಮುಂದಿನ ಸಲ ಕುಣಿಗಲ್ ದೊಡ್ಡಕೆರೆ. ಅಷ್ಟು ದೊಡ್ಡ ಏರಿಯಲ್ಲಿ ನನ್ನನ್ನು ಯಾರು ಗುರುತು ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅಮೃತೂರಿನ ಬಸ್ಸಿನಿಂದ ಯಾರೋ ಹಿಡಿದರು. ನಾನು ಮನೆ ಮುಟ್ಟುವುದರೊಳಗೆ ಅಮೃತೂರಿನಲ್ಲಿರುವ ನನ್ನ ಅಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಅಳುತ್ತಿದ್ದಳು.

"ಕೆಲ್ಸ ಹೋಯ್ತಂತಲ್ಲೋ! ಕೆರೆ ಏರಿ ಮೇಲೆ ಒಬ್ನೇ ಕೂತಿದ್ಯಂತೆ. ಒಡಹುಟ್ಟಿದೋಳ್ಗೆ ಒಂದ್ ಮಾತ್ ಹೇಳ್ಬಾರ್ದೇನ್ಲಾ?"

ಕೆಲಸ ಇದೆ ಎಂದು ನಂಬಿಸಲು ಮರುಭಾನುವಾರ ಅಮೃತೂರಿಗೇ ಹೋಗಿಬರಬೇಕಾಯಿತು. ಅಲ್ಲೂ ಒಂದು ಕೋಳಿ ಹೋಯಿತು.

ನನಗೆ ರೇಗಿಹೋಯಿತು. ಮನುಷ್ಯ ಒಬ್ಬನೇ ಕೂತರೆ ಈ ಜನಕ್ಕೆ ಏನು ಕಷ್ಟ? ಏನೇ ಆಗಲಿ, ಈ ಬೇಸಿಗೆ ಮುಗಿಯುವುದರೊಳಗೆ ಮೀನು ಹಿಡಿದೇ ಸಿದ್ಧ ಎಂದು ಹಠ ತೊಟ್ಟೆ. ನಮ್ಮ ಎರಡೂ ಕಡೆಯ ನಂಟಸ್ತಿಕೆ ಹೆಂಡತಿ ಜಯಮ್ಮನಿಗೆ ಬಾಯಿಪಾಠ. ಅವಳು ರಾಗಿ ಕೇರುತ್ತಿದ್ದಾಗ ಎದುರಿಗೆ ಕೂತು ಒಂದೊಂದೇ ಕೆರೆಯ ಹೆಸರು ಹೇಳುತ್ತ ಹೋದೆ.

"ಗುಬ್ಬಿ ಕೆರೆ?"

"ನಮ್ ಚಿಕ್ಕಪ್ಪನ ಬೀಗ್ರು ಅಲ್ಲೇ ಇರೋದು."

ಯಾವ ಕೆರೆ ಹೇಳಿದರೂ ಏರಿಯ ಹಿಂದೊಬ್ಬ ಷಡ್ಡಕ, ತೂಬಿನ ಪಕ್ಕದಲ್ಲೊಬ್ಬ ದೊಡ್ಡಪ್ಪ. ಕೊನೆಗೆ ಬಿದರೆಹಳ್ಳಿ ಕಾವಲ್ ಕಡೆಯ ಸಣ್ಣ ಕೆರೆಯೊಂದನ್ನು ಹೆಸರಿಸಿದೆ. ಮೊರ ನಿಂತಿತು.

"ಅಲ್ಲಿ... ಯಾರೂ ಇಲ್ಲ ಕಣ್ರೀ," ಎಂದಳು, ತನ್ನ ತವರಿಗೇ ಅವಮಾನವಾದಂತೆ.

ನಾನು ಕುಣಿಯುವುದೊಂದು ಬಾಕಿ. ಆ ಭಾನುವಾರ ಬೆಳಿಗ್ಗೆಯೇ ಹೋಗಿ ಹೊಂಗೆ ಮರದ ನೆರಳಲ್ಲಿ ಕೂತೆ. ಯಾರೂ ಮಾತಾಡಿಸಲಿಲ್ಲ. ತಂದ ಚಿತ್ರಾನ್ನ ತಿಂದೆ. ನೀರಿನ ಮೇಲೆ ಗಾಳದ ಬೆಂಡು ನಿಶ್ಚಿಂತೆಯಿಂದ ತೇಲುತ್ತಿತ್ತು. ಇಷ್ಟು ಸುಖ ಮದುವೆಯಾದ ಮೇಲೆ ಕಂಡಿರಲಿಲ್ಲ.

ಮಧ್ಯಾಹ್ನ ಎಮ್ಮೆಗೆ ನೀರು ಕುಡಿಸಲು ಬಂದ ಹಿರಿಯರೊಬ್ಬರು ನನ್ನನ್ನೇ ನೋಡುತ್ತ ನಿಂತರು.

"ಇಲ್ಯಾರವ್ರೆ ಸಾರ್ ನಿಮ್ಗೆ?"

"ಯಾರೂ ಇಲ್ಲ!" ಎಂದೆ, ಗೆದ್ದವನ ದನಿಯಲ್ಲಿ.

"ಅಯ್ಯೋ ಪಾಪ," ಎನ್ನುತ್ತ ಪಕ್ಕದಲ್ಲೇ ಕೂತರು. "ಮನೆದೇವ್ರು ಯಾವ್ದು?"

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಕೇಳುವುದು ಭಕ್ತಿಯಿಂದಲ್ಲ; ಮನೆದೇವರು ಒಂದೇ ಆದರೆ ಅಣ್ಣತಮ್ಮಂದಿರು, ಬೇರೆಯಾದರೆ ಬೀಗರಾಗಬಹುದು. ಸಂತೋಷದಲ್ಲಿ ಮೈಮರೆತು ಹೇಳಿಬಿಟ್ಟೆ.

"ನಮ್ದು ಬೇರೆ. ಸರಿಹೋಯ್ತು ಬುಡಿ. ಮದ್ವೆಗೆ ಬಂದಿರೋ ಗಂಡುಡುಗ್ರು ಅವ್ರಾ ಮನೇಲಿ?"

ಇದ್ದ. ನನ್ನ ತಮ್ಮ ನಾಗರಾಜ. ಅವನಿಗೆ ಹೆಣ್ಣು ಹುಡುಕಿ ಮನೆಯವರೆಲ್ಲ ಸುಸ್ತಾಗಿದ್ದೆವು. ಅವನ ಪರ್ಮನೆಂಟ್ ನೌಕರಿ, ಬೀಡಿ ಸಹ ಮುಟ್ಟದ ಗುಣ, ಹಳ್ಳದ ಪಕ್ಕದ ತೆಂಗಿನ ತೋಟದಲ್ಲಿ ಅವನ ಪಾಲು ಎಲ್ಲವನ್ನೂ ಕೈ ಆಡಿಸುತ್ತ ವರ್ಣಿಸತೊಡಗಿದೆ. ಬೆಂಡು ಮುಳುಗಿದ್ದು ನನಗೆ ಕಾಣಲೇ ಇಲ್ಲ.

"ಸಾರ್, ಮೀನ್ ಎಳೀತೈತೆ!"

"ಅದಿರ್ಲಿ ಬುಡಿ. ನಿಮ್ ಹುಡುಗಿ ಎಷ್ಟ್ ಓದವ್ಳೆ?" ಎಂದೆ.

ಮುಂಗಾರಿಗೆ ಮೊದಲೇ ಮದುವೆ ಮುಗಿಯಿತು. "ಅಂತೂ ಆ ಕೆರೇಲೂ ನಮ್ಮೋರಾದ್ರು," ಎಂದು ಜಯಮ್ಮ ಸಮಾಧಾನಪಟ್ಟಳು. ನಾನು ಸೋಲೊಪ್ಪಲಿಲ್ಲ. ಮರುಭಾನುವಾರವೇ ತಲೆಗೆ ಟವೆಲ್ ಸುತ್ತಿಕೊಂಡು, ಊರು ಬಳಸಿ, ಅದೇ ಹೊಂಗೆಯ ಕೆಳಗೆ ಗಾಳ ಬಿಟ್ಟೆ. "ಬೀಗ್ರೇ!" ಎಂಬ ಕೂಗು ಏರಿಯಿಂದಲೂ ಕೋಳಿಯ ಕೂಗು ಊರಿನಿಂದಲೂ ಒಟ್ಟಿಗೇ ಬಂದವು.

ಈಗ ಶಿರಾ ಕಡೆಯ ಕೆರೆಗಳನ್ನು ವಿಚಾರಿಸುತ್ತಿದ್ದೇನೆ. ಅಲ್ಲಿ ಯಾರು ಏನು ಕೇಳಿದರೂ ತುಟಿ ಬಿಚ್ಚುವುದಿಲ್ಲ ಎಂದು ಶಪಥ ಮಾಡಿದ್ದೇನೆ. ಆದರೆ ಜಯಮ್ಮನಿಗೆ ಇನ್ನೂ ಮದುವೆಯಾಗದ ತಂಗಿಯೊಬ್ಬಳಿದ್ದಾಳೆ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ.