ದಿನಕ್ಕೆ ಎರಡೂಕಾಲು

ಅಂಕಿಅಂಶಗಳ ಕಚೇರಿಯ ಗುಮಾಸ್ತರೊಬ್ಬರಿಗೆ ಅವರ ಹೆಂಡತಿ ಮೀನೆಣ್ಣೆ ಗುಳಿಗೆಗಳ ಡಬ್ಬಿ ಕಳಿಸಿದ್ದೇ ಎಲ್ಲಕ್ಕೂ ಮೂಲ. ಬರೀ ಡಬ್ಬಿ ಕಳಿಸಿದ್ದರೆ ಪರವಾಗಿರಲಿಲ್ಲ. ‘ದಿನಕ್ಕೆ ಎಷ್ಟು ಅಂತ ತಿಳಿದವರನ್ನ ಕೇಳಿ ತಗೊಳ್ಳಿ’ ಎಂದು ಮೇಲೊಂದು ಚೀಟಿ ಅಂಟಿಸಿದ್ದರು. ಆ ಕಚೇರಿಯಲ್ಲಿ ತಿಳಿಯದವರು ಎಂಬುವರೇ ಇರಲಿಲ್ಲ.

ಪಾಯಿಂಟ್ ಆದಮೇಲೆ ಎರಡು ಅಂಕಿ ಬರೆಯದೆ ಯಾವ ಲೆಕ್ಕವನ್ನೂ ಬಿಡದ ಈ ಗುಮಾಸ್ತರನ್ನು ಎಲ್ಲರೂ ಪಾಯಿಂಟಪ್ಪ ಎಂದೇ ಕರೆಯುತ್ತಿದ್ದರು. ಹೆಂಡತಿ ಬೇರೆ ಊರಿನಲ್ಲಿ ಟೀಚರು. ನಾಲ್ಕು ವರ್ಷದಿಂದ ಇವರು ಇಲ್ಲಿ, ಅವರು ಅಲ್ಲಿ. ಆ ಊರಿಗೆ ವರ್ಗ ಕೇಳಿದ್ದ ಅರ್ಜಿ ಹದಿನೇಳು ಮೇಜು ಸುತ್ತಿ, ಅಂದು ನಾಲ್ಕು ಗಂಟೆಗೆ ನಿರ್ದೇಶಕರ ಸಹಿಗೆ ಹೋಗಬೇಕಿತ್ತು. ಗುಳಿಗೆ ನುಂಗಿ ಹುರುಪಿನಿಂದ ಅವರೆದುರು ನಿಲ್ಲಬೇಕೆಂದು ಪಾಯಿಂಟಪ್ಪನವರ ಆಸೆ.

“ಒಂದು ಸಾಕು ಸಾರ್,” ಎಂದರು ಟೈಪಿಸ್ಟಮ್ಮ.

“ಒಂದು ಯಾವ ಮೂಲೆಗೆ?” ಎಂದು ಹೆಡ್ ಕ್ಲರ್ಕ್ ಎದ್ದೇ ಬಂದರು. “ನಮ್ಮ ಭಾವ ಐದು ನುಂಗ್ತಾರೆ. ಅವರು ಮೆಟ್ಟಿಲು ಹತ್ತೋದು ನೋಡ್ಬೇಕು ನೀವು, ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ!”

ಸ್ಟೋರ್‌ಕೀಪರ್ ರಾಜಿ ಮಾಡಿಸುವವರಂತೆ ಮೂರು ಎಂದರು. ಬಾಗಿಲಲ್ಲಿದ್ದ ವಾಚ್‌ಮನ್, “ನನ್ನ ಕೇಳಿದ್ರೆ ಒಂದೂ ಬೇಡ. ಚೆನ್ನಾಗೇ ಇದ್ದೀರಲ್ಲ ಸಾರ್!” ಎಂದ.

ಬೇರೆ ಕಚೇರಿಯಾಗಿದ್ದರೆ ಇಷ್ಟಕ್ಕೆ ಜಗಳವಾಗುತ್ತಿತ್ತು. ಇಲ್ಲಿ ಸರಾಸರಿ ತೆಗೆದರು. ವಾಚ್‌ಮನ್ ಹೇಳಿದ ಸೊನ್ನೆಯನ್ನು ಸೇರಿಸಬೇಕೇ ಬೇಡವೇ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು.

“ಸೊನ್ನೇನೂ ಒಂದು ಅಭಿಪ್ರಾಯವೇ. ಬಿಡೋ ಹಾಗಿಲ್ಲ,” ಎಂದು ಪಾಯಿಂಟಪ್ಪನವರು ಪಟ್ಟು ಹಿಡಿದರು. ಒಟ್ಟು ಒಂಬತ್ತು, ಜನ ನಾಲ್ಕು. ಎರಡು ಪಾಯಿಂಟ್ ಎರಡು ಐದು ಎಂದು ಉತ್ತರ ಬಂತು.

“ಎರಡು ನುಂಗಿ ಸುಮ್ನಿರಿ ಸಾರ್,” ಎಂದರು ಟೈಪಿಸ್ಟಮ್ಮ.

“ಕಾಲು ಬಿಟ್ರೆ ವರ್ಷಕ್ಕೆ ತೊಂಬತ್ತೊಂದು ಪಾಯಿಂಟ್ ಎರಡು ಐದು ಗುಳಿಗೆ ಕಮ್ಮಿಯಾಗುತ್ತಮ್ಮಾ!”

ಎರಡನ್ನು ನುಂಗಿದ್ದಾಯಿತು. ಮೂರನೆಯದನ್ನು ಮೇಜಿನ ಮೇಲಿಟ್ಟು ಬ್ಲೇಡು ಹಿಡಿದರೆ ಅದು ಜಾರಿ ಜಾರಿ ಓಡಿತು. ಹೆಡ್ ಕ್ಲರ್ಕ್ ಬೆರಳಿನಿಂದ ಅದುಮಿದರು. ಸ್ಟೋರ್‌ಕೀಪರ್ ಅವರ ಬೆರಳನ್ನು ಅದುಮಿದರು. ಪಟ್ಟೆಂದು ಒಡೆದ ಗುಳಿಗೆಯ ಎಣ್ಣೆಯೆಲ್ಲ ವರ್ಗದ ಫೈಲಿನ ಮೇಲೆ!

ಒಣಗಲೆಂದು ಒಬ್ಬರು ಫ್ಯಾನ್ ಹಾಕಿದರು. ವಾಸನೆ ಇಡೀ ಮಹಡಿಗೆ ಹಬ್ಬಿತು. ಟೈಪಿಸ್ಟಮ್ಮ ತಮ್ಮ ಪೌಡರ್ ಡಬ್ಬಿಯನ್ನೇ ಸುರಿದರು. ಈಗ ಫೈಲು, ಹಿಟ್ಟಿನಲ್ಲಿ ಹೊರಳಿಸಿ ಬಾಣಲೆಗೆ ಬಿಡಲು ಸಿದ್ಧಮಾಡಿದ ಮೀನಿನಂತೆ ಕಂಡಿತು. ಅಷ್ಟರಲ್ಲಿ ನಾಲ್ಕು ಗಂಟೆಯಾಯಿತು.

ನಿರ್ದೇಶಕರು ಫೈಲನ್ನು ಎರಡೇ ಬೆರಳಲ್ಲಿ ಎತ್ತಿ ಮೂಸಿದರು. “ಏನ್ರೀ ಇದು?”

ಹೊಟ್ಟೆಯೊಳಗಿನ ಎರಡು ಗುಳಿಗೆಗಳೂ ಅದೇ ಹೊತ್ತಿಗೆ ಮೇಲೆದ್ದು ಬರುತ್ತಿದ್ದವು. ಪಾಯಿಂಟಪ್ಪನವರು ಬಾಯಿಗೆ ಕೈ ಅಡ್ಡ ಹಿಡಿದು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು.

ನಿರ್ದೇಶಕರು ನಗಲಿಲ್ಲ. “ಸೊನ್ನೇನೂ ಸೇರಿಸಿದ್ರಾ?”

“ಸೇರಿಸಿದೆ ಸಾರ್.”

ನಿರ್ದೇಶಕರು ಎದ್ದು ಬಂದು ಕೈ ಕುಲುಕಿದರು. ಬೀರುವಿನಿಂದ ದಪ್ಪನೆಯ ಇನ್ನೊಂದು ಫೈಲು ತೆಗೆದರು. “ನೌಕರರು ದಿನಕ್ಕೆ ಎಷ್ಟು ಮೀನೆಣ್ಣೆ ತಗೋತಾರೆ ಅಂತ ಎಲ್ಲಾ ಊರಲ್ಲೂ ಸಮೀಕ್ಷೆ ಮಾಡಿ ಅಂತ ಮೇಲಿಂದ ಬಂದು ಆರು ತಿಂಗಳಾಯ್ತು. ಸರಿಯಾದೋರು ಒಬ್ಬರೂ ಸಿಕ್ಕಿರಲಿಲ್ಲ ಕಣ್ರೀ! ಇನ್ನು ನಿಮ್ಮನ್ನ ಬಿಡೋದುಂಟೇ?”

‘ಸಾರ್, ನನ್ನ ವರ್ಗ’ ಎನ್ನಲು ಪಾಯಿಂಟಪ್ಪನವರು ಬಾಯಿ ತೆರೆದರು. ಮಾತಿನ ಬದಲು ದೊಡ್ಡದೊಂದು ತೇಗು ಹೊರಟಿತು.

“ತೃಪ್ತಿಯಾಯ್ತು ಅಂತಾಯ್ತು!” ಎಂದು ನಿರ್ದೇಶಕರು ದಪ್ಪ ಫೈಲಿಗೆ ಸಹಿ ಜಡಿದರು.

ಹೊರಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು.

“ರೀ, ಸಹಿ ಬಿತ್ತಾ?”

“ಬಿತ್ತು.”

“ನಿಜವಾಗ್ಲೂ? ಯಾವತ್ತು ಬರ್ತೀರಿ? ನಿಮ್ಮ ಬಟ್ಟೆಗೆ ಅಂತ ಆಗ್ಲೇ ಜಾಗ ಖಾಲಿ ಮಾಡಿಟ್ಟಿದೀನಿ.”

“ವರ್ಗಕ್ಕಲ್ಲ ಕಣೇ, ಸಮೀಕ್ಷೆಗೆ. ಎರಡು ವರ್ಷ ಊರೂರು ಸುತ್ತಬೇಕು. ನಲವತ್ತು ಊರು.”

“ಹೋಗ್ಲಿ ಬಿಡಿ, ಹಾಗಾದ್ರೆ ಇಲ್ಲಿಗೂ ಬರ್ತೀರಲ್ಲ?”

“ಇರೋದು ನಲವತ್ತೊಂದು ಊರು. ನಿಮ್ಮೂರು ಒಂದನ್ನ ಮಾತ್ರ ಬಿಟ್ಟಿದಾರೆ. ಹೆಂಡ್ತಿ ಇರೋ ಕಡೆ ಲೆಕ್ಕ ತೆಗೆದ್ರೆ ಪಕ್ಷಪಾತ ಆಗುತ್ತಂತೆ.”