ಹೊಳೆ ದಾಟಲು ಒಂದೇ ಸಲದ ರೊಕ್ಕ

ಲೆಕ್ಕ ಕಲಿಸುವವನಿಗೆ ಲೆಕ್ಕ ಬರುತ್ತದೆ ಎಂದು ಜನ ನಂಬುತ್ತಾರೆ. ಮಸ್ಕಿಯ ಶಾಲೆಯಲ್ಲಿ ಬಹಳ ವರ್ಷ ಗಣಿತ ಹೇಳಿದ ನಾನು ಈ ನಂಬಿಕೆಯ ಮೇಲೆಯೇ ಹೆಂಡತಿ ಮಕ್ಕಳನ್ನು ಸಾಕಿದ್ದೇನೆ. ಎರಡು ನಳಗಳು ಸೇರಿ ಒಂದು ತೊಟ್ಟಿಯನ್ನು ಎಷ್ಟು ತಾಸಿನಲ್ಲಿ ತುಂಬುತ್ತವೆ ಎಂದು ಬೋರ್ಡಿನ ಮೇಲೆ ಕಣ್ಣುಮುಚ್ಚಿ ಬಿಡಿಸುತ್ತಿದ್ದೆ. ಆದರೆ ಆ ತೊಟ್ಟಿಯ ನೀರು ನಾನು ಕುಡಿಯುವುದಲ್ಲ. ತುಂಬದಿದ್ದರೂ ನನ್ನ ಮನೆಯಲ್ಲಿ ಯಾರೂ ಕೊಡ ಹಿಡಿದು ನನ್ನ ಮುಂದೆ ನಿಲ್ಲುತ್ತಿರಲಿಲ್ಲ. ನಾನೇ ಮಾಡಿದ ಲೆಕ್ಕದೊಳಗೆ ನಾನೇ ಕೂತು ಪ್ರಯಾಣ ಮಾಡುವ ಪ್ರಸಂಗ ಜೀವನದಲ್ಲಿ ಒಂದೇ ಸಲ ಬಂತು.

ತೊಂಬತ್ತರ ದಶಕದ ಆರಂಭದ ಮಾತು. ಜವಳಗೇರಾದಲ್ಲಿರುವ ನನ್ನ ಹೆಂಡತಿಯ ತಮ್ಮ ಅಮರೇಶನಿಗೆ ಆ ವರ್ಷ ಭತ್ತ ಚೆನ್ನಾಗಿ ಬಂದಿತ್ತು. ಭತ್ತ ಬಂದರೆ ಅವನಿಗೆ ಊರು ಸಾಲದು. "ಮಾವಾರ, ಈ ಸಲ ಗೋವಾ ನೋಡ್ಕೊಂಡು ಬರೂಣ್ರಿ. ಸಿಂಧನೂರಾಗ ಒಂದು ವ್ಯಾನ್ ಮಾತಾಡೀನಿ" ಎಂದ. ಗೋವಾ ಅಂದರೆ ನಮ್ಮ ಕಡೆಗೆ ಆಗ ಪರದೇಶವೇ. ಭಾಷೆ ಬೇರೆ, ಊಟ ಬೇರೆ. ಅಲ್ಲಿಯ ಜನ ವ್ಯಾನು ಲಾರಿಗಳನ್ನೇ ದೋಣಿಯ ಮೇಲೆ ಏರಿಸಿ ಹೊಳೆ ದಾಟಿಸುತ್ತಾರಂತೆ ಎಂಬ ಸುದ್ದಿ ಬೇರೆ. ಅಪರಿಚಿತ ಊರಿನಲ್ಲಿ ಲಾಡ್ಜು, ಹೋಟೆಲು ಎಂದು ಸುರಿಯುವುದು ಬೇಡವೆಂದು ವ್ಯಾನಿನ ಹಿಂದಿನ ಸೀಟು ಬಿಚ್ಚಿಸಿ ಗಾದಿ ಹಾಸಿದೆವು. ಸೀಮೆಎಣ್ಣೆ ಸ್ಟೋವು, ಅಕ್ಕಿಚೀಲ, ಎರಡು ಗಂಟು ಕಟಕ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಏರಿದವು. ಉಳಿದ ಖರ್ಚು ಎರಡೇ: ಡೀಸೆಲ್ಲು ಮತ್ತು ಹೊಳೆ ದಾಟುವುದು. ಆ ಲೆಕ್ಕ ಯಾರದು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಆಗಲೇ ಪೆನ್ನಿನ ಟೋಪಿ ತೆಗೆದಿದ್ದೆ.

ಡ್ರೈವರ್ ಹನುಮಂತನನ್ನು ಕೇಳಿ, ಲೀಟರಿಗೆ ಎಷ್ಟು ಓಡುತ್ತದೆಂದು ಬರೆದುಕೊಂಡೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಸಿಂಧನೂರಿನ ಕಾಲುವೆ ದಂಡೆಯ ರಸ್ತೆಯ ಲೆಕ್ಕ. ಅಲ್ಲಿ ನೆಲ ರೊಟ್ಟಿ ಬಡಿಯುವ ಕಲ್ಲಿನಷ್ಟು ಸಪಾಟು. ಗೋವಾಕ್ಕೆ ಇಳಿಯುವ ಘಾಟನ್ನು ಬರುವಾಗ ಏರಬೇಕು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯ ಬಾಬತ್ತಿನಲ್ಲಂತೂ ನನಗೆ ಸಂಶಯವೇ ಇರಲಿಲ್ಲ. ಯಾಕೆಂದರೆ ನಾನು ಹೊಳೆ ದಂಡೆಯಲ್ಲಿ ಬೆಳೆದವನು.

ಲಿಂಗಸುಗೂರಿನ ಆಚೆ, ಕೃಷ್ಣೆಯ ದಂಡೆಗೆ ನನ್ನ ಸೋದರತ್ತೆ ನೀಲಮ್ಮನ ಊರು. ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆಯುತ್ತಿದ್ದೆ. ಅಲ್ಲಿ ಯಂಕೋಬ ಎಂಬ ಅಂಬಿಗ ಹರಗೋಲು ನಡೆಸುತ್ತಿದ್ದ. ಆಚೆ ದಂಡೆಗೆ ಹೋಗುವಾಗ ಮಾತ್ರ ಕಾಸು. ಮರಳಿ ಬರುವಾಗ ಕೈ ಚಾಚುತ್ತಿರಲಿಲ್ಲ. "ಮನಿಗೆ ಹೊಂಟೋರ ಕಡಿಂದ ರೊಕ್ಕ ಇಸಗೊಂಡ್ರ ಹೊಳಿಯವ್ವ ಸಿಟ್ಟಾಗ್ತಾಳೋ ತಮ್ಮಾ" ಎನ್ನುತ್ತಿದ್ದ. ಹೀಗಾಗಿ ಗೋವಾದ ಮೂರು ಹೊಳೆಗಳಿಗೆ ಮೂರೇ ಸಲದ ರೊಕ್ಕ ಹಾಕಿ, ಕೆಳಗೆ ಎರಡು ಗೆರೆ ಎಳೆದೆ. ಆ ಎರಡು ಗೆರೆ ನೋಡಿದರೆ ಯಾರೂ ಮಾತಾಡುವಂತಿರಲಿಲ್ಲ.

ಹೋಗುವಾಗ ಎಲ್ಲವೂ ಸುಸೂತ್ರ. ವ್ಯಾನು ದೋಣಿ ಏರಿದಾಗ, ನಮ್ಮ ಜೊತೆ ಹೊರಟಿದ್ದ ನೀಲಮ್ಮತ್ತೆ ಕಿಟಕಿಯಿಂದ ನೀರು ನೋಡಿ, "ಬಂಡಿ ಹೂಡಿದ ಮನಿನೇ ತೇಲಾಕತ್ತೈತಲ್ಲೋ!" ಎಂದಳು. ನಾನು ಲೆಕ್ಕದ ಹಾಳೆಯಲ್ಲಿ ಒಂದೊಂದು ಹೊಳೆಗೂ ಗುರುತು ಹಾಕಿದೆ. ನಾಲ್ಕು ದಿನ ಸಮುದ್ರ ನೋಡಿ, ತೆಂಗಿನ ತೋಪಿನಲ್ಲಿ ಅನ್ನ ಬೇಯಿಸಿ ಉಂಡು, ಐದನೆಯ ದಿನ ತಿರುಗಿದೆವು.

ಮೊದಲ ಹೊಳೆಯ ಕಟ್ಟೆಯ ಮೇಲೆ ಚೀಟಿ ಹರಿಯುವವನು ಕೈ ಚಾಚಿದ. ನಾನು ನಕ್ಕು, ಹೋಗುವಾಗಿನ ಹಳೆಯ ಚೀಟಿ ತೋರಿಸಿದೆ. ಅವನು ಚೀಟಿ ನೋಡಿದ, ನನ್ನನ್ನು ನೋಡಿದ, ಕೈಯನ್ನು ಹಾಗೇ ಇಟ್ಟುಕೊಂಡ. ನಾವು ಮನೆಗೆ ಹೋಗುತ್ತಿದ್ದೇವೆ ಎಂದು ನಮ್ಮ ರಾಯಚೂರು ಉರ್ದುವಿನಲ್ಲಿ ಬಿಡಿಸಿ ಹೇಳಿದೆ. ಎಲ್ಲರೂ ಮನೆಗೇ ಹೋಗುವುದು, ರೊಕ್ಕ ತೆಗೆ ಎಂದ.

ಕೊಟ್ಟೆ. ಇನ್ನೆರಡು ಹೊಳೆ, ಆಮೇಲೆ ಘಾಟು, ಆಮೇಲೆ ಮಸ್ಕಿಯವರೆಗಿನ ದಾರಿ. ಜೇಬಿನಲ್ಲಿ ಕೈಹಾಕಿ ನೋಟುಗಳನ್ನು ಬೆರಳಿನಲ್ಲೇ ಎಣಿಸಿದೆ. ಮತ್ತೆ ಎಣಿಸಿದೆ. ಎಷ್ಟು ಎಣಿಸಿದರೂ ಹೆಚ್ಚಾಗಲಿಲ್ಲ. ಅಮರೇಶ ಚಹಾಕ್ಕೆ ನಿಲ್ಲಿಸೋಣ ಎಂದಾಗ, "ಚಹಾ ಕುಡಿದ್ರ ಪಿತ್ತ ಆಗ್ತೈತಿ" ಎಂದೆ. ಮಕ್ಕಳು ಎಳನೀರು ಕೇಳಿದಾಗ ಅವರ ನೆಗಡಿಯ ಬಗ್ಗೆ ಮಾತಾಡಿದೆ. ಯಾರಿಗೂ ನೆಗಡಿ ಇರಲಿಲ್ಲ. ಹನುಮಂತನ ಹೆಗಲ ಮೇಲಿಂದ ಡೀಸೆಲ್ ಮುಳ್ಳನ್ನೇ ನೋಡುತ್ತ ಕೂತೆ. ಸಣ್ಣ ಇಳುಕಲು ಬಂದರೂ "ಎಂಜಿನ್ ಬಂದ್ ಮಾಡಪಾ" ಎನ್ನುತ್ತಿದ್ದೆ.

"ಸರ, ಬಂದ್ ಮಾಡಿದ್ರ ಬ್ರೇಕ್ ಸರಿಯಾಗಿ ಹಿಡಿಯಂಗಿಲ್ರಿ. ಎಲ್ಲಾರೂ ಸಮುದ್ರಕ್ಕೇ ಹೋಗ್ತೀವ್ರಿ" ಎಂದ ಅವನು.

ಅತ್ತೆ ನನ್ನನ್ನೇ ನೋಡುತ್ತಿದ್ದಳು. "ಯಾಕಲೇ, ಮಾರಿ ಹಿಂಗ್ಯಾಕ ಆಗೇತಿ?"

"ಏನಿಲ್ಲತ್ತಿ, ಹೊಟ್ಟಿ ನೋವು."

ಅವಳು ಒಂದು ಹಿಡಿ ಅಜಿವಾನ ಕೊಟ್ಟಳು. ಸುಳ್ಳು ಹೇಳಿದ ತಪ್ಪಿಗೆ ಎರಡನೆಯ ಹೊಳೆ ದಾಟುವವರೆಗೂ ಅದನ್ನು ಅಗಿದೆ. ಅಲ್ಲಿಯೂ ರೊಕ್ಕ ಕೊಟ್ಟಾಯಿತು.

ಮೂರನೆಯ ಹೊಳೆಯ ಕಟ್ಟೆಗೆ ಬಂದಾಗ ಲೆಕ್ಕ ಸ್ಪಷ್ಟವಾಗಿತ್ತು. ಇಲ್ಲಿ ಕೊಟ್ಟರೆ ಘಾಟಿನ ನಡುವೆ ವ್ಯಾನು ನಿಲ್ಲುತ್ತದೆ. ಕೊಡದಿದ್ದರೆ ಇಲ್ಲೇ ನಿಲ್ಲುತ್ತದೆ. ಮುಂದಿನ ಲಾರಿ ದೋಣಿ ಏರಿತು. ಹಿಂದಿನ ಕಾರಿನವನು ಹಾರ್ನು ಒತ್ತಿದ. ಹನುಮಂತ ಕ್ಲಚ್ಚಿನ ಮೇಲೆ ಕಾಲಿಟ್ಟು ನನ್ನ ಕಡೆ ತಿರುಗಿದ. ನನ್ನ ಮುಷ್ಟಿ ಜೇಬಿನಿಂದ ಹೊರಗೆ ಬರಲೊಲ್ಲದು. ಮಸ್ಕಿಯ ಇಡೀ ಏಳನೆಯ ಇಯತ್ತೆ ಕಟ್ಟೆಯ ಮೇಲೆ ಸಾಲಾಗಿ ನಿಂತು ನನ್ನನ್ನು ನೋಡುತ್ತಿದ್ದಂತೆ ಅನಿಸಿತು. ಕೊನೆಗೆ ತಲೆ ತಗ್ಗಿಸಿ ಹೇಳಿಬಿಟ್ಟೆ. ಬರುವಾಗಿನ ಹೊಳೆಗೆ ರೊಕ್ಕ ಹಾಕಿಲ್ಲ, ಯಂಕೋಬನ ರೂಢಿ ನಂಬಿ ಕೆಟ್ಟೆ, ಊರು ಮುಟ್ಟಲು ಡೀಸೆಲ್ಲಿಗೆ ಸಾಲದು ಎಂದೆ.

ನೀಲಮ್ಮತ್ತೆ ಅಡಿಕೆ ಕಡಿಯುತ್ತ, "ಯಂಕೋಬ ತೀರಿಕೊಂಡು ಹತ್ತು ವರ್ಷಾತು. ಅವನ ಮಗ ಎರಡೂ ಕಡಿ ಇಸಗೊಂತಾನ" ಎಂದಳು.

ಆಮೇಲೆ ನನ್ನ ಹೆಂಡತಿ ಸದ್ದಿಲ್ಲದೆ ಚಟ್ನಿ ಡಬ್ಬಿಗೆ ಕೈಹಾಕಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನೋಟು ತೆಗೆದಳು. ಅಮರೇಶ ಅಂಗಿಯ ಒಳಜೇಬು ಬಿಚ್ಚಿದ. ಹನುಮಂತ ತನ್ನ ಸೀಟಿನ ಕೆಳಗಿನ ಗೋಣಿಚೀಲ ಸರಿಸಿದ. ಒಂದು ಕ್ಯಾನ್ ತುಂಬ ಡೀಸೆಲ್ಲು!

"ಇದೇನೋ?" ಎಂದೆ.

"ಸಿಂಧನೂರಾಗೇ ತುಂಬಿಸ್ಕೊಂಡಿದ್ದೆರಿ ಸರ. ಲೆಕ್ಕಾ ನೀವು ಮಾಡೀರಿ ಅಂತ ಅಮರೇಶಣ್ಣ ಹೇಳಿದ್ರು" ಎಂದ, ಬಹಳ ಗೌರವದಿಂದ.

ನೀಲಮ್ಮತ್ತೆ ಎಲೆಅಡಿಕೆ ಚೀಲದ ತಳದಿಂದ ದಪ್ಪನೆಯ ಗಂಟು ತೆಗೆದು ನನ್ನ ತೊಡೆಯ ಮೇಲೆ ಎಸೆದಳು. ಅಷ್ಟು ರೊಕ್ಕ ಎಲ್ಲಿಂದ ತಂದೆ ಎಂದು ಗಾಬರಿಯಾಗಿ ಕೇಳಿದೆ.

"ನೀ ಲೆಕ್ಕಾ ಮಾಡಾಕತ್ತಿ ಅಂತ ಕೇಳಿದ ದಿನಾನೇ ಎಮ್ಮಿ ಕರಾ ಮಾರೀನಿ. ಕೊಡಲೇ ಆ ಪುಣ್ಯಾತ್ಮಗ, ಹಾರ್ನ್ ಹೊಡದು ಸಾಯಾಕತ್ತಾರ."

ಹೊಳೆ ದಾಟಿದೆವು, ಘಾಟು ಏರಿದೆವು. ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ಚಹಾ ಕುಡಿದೆವು; ನನಗೂ ಪಿತ್ತ ಆಗಲಿಲ್ಲ. ಇನ್ನು ಮುಂದೆ ಈ ಮನೆಯಲ್ಲಿ ಯಾರೂ ನನ್ನನ್ನು ಲೆಕ್ಕ ಕೇಳಲಾರರು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಎಲ್ಲಿಗೆ ಹೊರಟರೂ ಇವತ್ತಿಗೂ ನನ್ನ ಮುಂದೆಯೇ ಹಾಳೆ, ಪೆನ್ನು ತಂದಿಡುತ್ತಾರೆ. ನಾನು ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು, ಇಷ್ಟಾಗುತ್ತದೆ ಎನ್ನುತ್ತೇನೆ. ಹೌದೌದು ಎಂದು ಎಲ್ಲರೂ ಶ್ರದ್ಧೆಯಿಂದ ತಲೆಯಾಡಿಸುತ್ತಾರೆ. ಆಮೇಲೆ ಅಡುಗೆಮನೆಗೆ ಹೋಗಿ ಅದರ ಎರಡರಷ್ಟು ಹೊಂದಿಸಿಕೊಳ್ಳುತ್ತಾರೆ.